ಮೋಟಾರಿನ ಹಣೆ

ಬೆಳಿಗ್ಗೆ ಎಂಟರ ಸುಮಾರಿಗೆ ಸೂಪರ್‌ವೈಸರ್ ಫೋನ್ ಮಾಡಿದಾಗ ನಾನು ಸನ್ನತಿಯ ನಮ್ಮ ಮನೆಯ ಕಟ್ಟೆ ಮೇಲೆ ಕೂತು ಸುಸಲಾ ತಿನ್ನುತ್ತಿದ್ದೆ. ಕೆಳಗಡೆ ಬ್ಯಾರೇಜಿನ ಗೇಟು ತೆಗೆಯುತ್ತಾರೆ, ಸಂಜೆಯೊಳಗೆ ನದಿ ಆಳುದ್ದ ಇಳಿಯುತ್ತದೆ, ಬೋಟು ಜೋಪಾನ ಎಂದಷ್ಟೇ ಹೇಳಿ ಇಟ್ಟರು. ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಹಿಂದಿನ ಸಂಜೆ ಬೋಟಿನ ಮೋಟಾರು ನೀರಿನಿಂದ ಮೇಲೆತ್ತದೆ ಬಂದಿದ್ದೆ. ಸ್ವಿಚ್ ಒತ್ತಿದರೆ ಅದು ಏಳಲಿಲ್ಲ, ಬ್ಯಾಟರಿ ಇಳಿದಿರಬೇಕು, ನಾಳೆ ನೋಡಿದರಾಯಿತು ಎಂದುಕೊಂಡಿದ್ದೆ. ನನ್ನ ತಪ್ಪು ಇಷ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರ ತಪ್ಪು ಹೇಳುವುದಿದೆ.

ಭೀಮಾ ನದಿಯಿಂದ ಊರುಗಳಿಗೆ ನೀರೆತ್ತುವ ಒಂದು ಜ್ಯಾಕ್‌ವೆಲ್ಲಿನಲ್ಲಿ ನಾನು ಬೋಟ್ ನಡೆಸುತ್ತೇನೆ. ಪಂಪಿನ ಬಾಯಿಗೆ ಅಂತರಗಂಗೆ ಕಳೆ ಬಂದು ತುಂಬಿಕೊಳ್ಳುತ್ತದೆ. ಅದನ್ನು ಎಳೆದು ದಡಕ್ಕೆ ಹಾಕಬೇಕು, ಜಾಲರಿ ಉಜ್ಜಬೇಕು. ನಮ್ಮಪ್ಪ ಇದೇ ನೀರಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ. ಸೇತುವೆ ಬಂದ ಮೇಲೆ ನಮ್ಮ ಮನೆಯವರೆಲ್ಲ ವಾಡಿ, ಚಿತ್ತಾಪುರದ ಕಡೆ ಕೂಲಿಗೆ ಹೋದರು. ನೀರಿನ ಮೇಲೆ ಉಳಿದವನು ನಾನೊಬ್ಬ. ಹೋದ ತಿಂಗಳು ಗುತ್ತಿಗೆದಾರ ಮುಖದ ಮೇಲೆ ಹೊಡೆದಂತೆ ಹೇಳಿದ್ದ: ಇನ್ನೊಂದು ಸಲ ಮೋಟಾರು ಕೆಟ್ಟರೆ ಬೋಟು ಮಾರಿ, ದಡದಲ್ಲಿ ನಿಂತು ಕಳೆ ಎಳೆಯುವ ಉದ್ದ ಕೈಯ ಯಂತ್ರ ತರಿಸುತ್ತೇನೆ. ಅದನ್ನು ನಡೆಸಲು ನನಗೆ ಬರುವುದಿಲ್ಲ. ಮೋಟಾರು ಹೋದರೆ ನಾನೂ ಹೋದೆ ಎಂದು ಲೆಕ್ಕ.

ಬೋಟು ಕಟ್ಟುವ ಜಾಗ ನದಿಗೆ ಹೊಂದಿಕೊಂಡ ಹಳೆಯ ಫರ್ಸಿ ಕಲ್ಲಿನ ಹೊಂಡ. ಹಿಂದೆ ಯಾರೋ ಚಪ್ಪಡಿ ಎಬ್ಬಿಸಿಕೊಂಡು ಹೋಗಿದ್ದು. ಒಳಗೆ ಸೆಳೆತವಿಲ್ಲ, ತಳ ಮನೆಯ ನೆಲದ ಹಾಗೆ ಸಮ. ಹೊಂಡದ ಬಾಯಿಗೆ ಕಲ್ಲಿನದೇ ಒಂದು ಹೊಸ್ತಿಲು ಉಳಿದುಕೊಂಡಿದೆ. ಅದರ ನಡುವೆ ಬುಡದ ತನಕ ಗೇಣಗಲದ ಸೀಳು. ನದಿ ಇಳಿದರೆ ಹೊಂಡದ ನೀರು ಆ ಸೀಳಿನಿಂದ ಹರಿದುಹೋಗುತ್ತದೆ, ಬೋಟು ಹೋಗಲಾರದು. ನಾನು ಹೋಗಿ ನೋಡುವಾಗಲೇ ಹೊಸ್ತಿಲ ಮೇಲೆ ಮೊಣಕಾಲಿಗಿಂತ ಕಡಿಮೆ ನೀರಿತ್ತು. ಮೋಟಾರಿನ ಕಾಲು, ಅಂದರೆ ಪಂಖ ಇರುವ ಕೆಳಭಾಗ, ಬೋಟಿನ ತಳಕ್ಕಿಂತ ಒಂದೂವರೆ ಗೇಣು ಕೆಳಗೆ ಇಳಿಬಿದ್ದಿತ್ತು. ಹೊರಗೆ ದಾಟಿಸಲು ದಾರಿಯಿಲ್ಲ. ಒಳಗೇ ಬಿಟ್ಟರೆ ಸಂಜೆಗೆ ಇಡೀ ಬೋಟು ಆ ಕಾಲಿನ ಮೇಲೆ ಕೂರುತ್ತದೆ. ಕಾಲು ಮುರಿಯುತ್ತದೆ, ಇಲ್ಲವೇ ಬೋಟಿನ ಹಿಂಬದಿ ಹಲಗೆ ಸೀಳುತ್ತದೆ. ಮೋಟಾರು ಎತ್ತುವುದೊಂದೇ ಉಪಾಯ.

ಸಣ್ಣ ಮೋಟಾರನ್ನು ಕೈಯಿಂದಲೇ ಮಡಚಿ ಮೇಲೆತ್ತಬಹುದು. ನಮ್ಮದು ದೊಡ್ಡದು, ಹಳೆಯದು, ಎರಡಾಳಿನ ತೂಕ. ಹಿಂಬದಿ ಹಲಗೆಯನ್ನು ಕಚ್ಚಿ ಹಿಡಿದ ಬ್ರಾಕೆಟ್ಟಿನ ನಡುವೆ ಎಣ್ಣೆ ತುಂಬಿದ ಒಂದು ಕೊಳವೆ, ಅದಕ್ಕೊಂದು ಪುಟ್ಟ ಕರೆಂಟ್ ಮೋಟಾರು. ಸ್ವಿಚ್ ಒತ್ತಿದರೆ ಅದು ಎಣ್ಣೆ ತಳ್ಳುತ್ತದೆ, ದೊಡ್ಡ ಮೋಟಾರು ಏಳುತ್ತದೆ. ಸ್ವಿಚ್ ಒತ್ತಿದೆ. ಟಕ್ ಅಂದು ಸುಮ್ಮನಾಯಿತು.

ನಾನು ಫೋನ್ ಮಾಡಿದ್ದು ಮಿಸ್ತ್ರಿ ಕಾಕಾನಿಗೆ. ಬೇರೆ ಯಾರಿಗೆ ಮಾಡಲಿ? ಶಹಾಬಾದಿನವರು, ಅರವತ್ತು ದಾಟಿದವರು. ಪಂಪು, ಜನರೇಟರು, ಕಲ್ಲು ಕೊಯ್ಯುವ ಯಂತ್ರ, ಈ ಸೀಮೆಯಲ್ಲಿ ಅವರ ಕೈ ಆಡದ ಯಂತ್ರವಿಲ್ಲ. ಏಳು ವರ್ಷದಿಂದ ನನಗೆ ಕಲಿಸಿದವರು ಅವರೇ. ಪ್ಲಗ್ ಬಿಚ್ಚಿ ಉಜ್ಜುವುದು, ಕಾರ್ಬುರೇಟರ್ ತೊಳೆಯುವುದು, ಎಣ್ಣೆಯ ಬಣ್ಣ ನೋಡಿ ಒಳಗೆ ನೀರು ಹೊಕ್ಕಿದೆಯೋ ಇಲ್ಲವೋ ಹೇಳುವುದು ಎಲ್ಲ ಅವರ ಪಾಠ. ತಪ್ಪಿದರೆ ಬೋಲ್ಟು ಬಿಚ್ಚುವ ಪಾನಾದಿಂದ ಬೆರಳ ಗಂಟಿಗೆ ಕುಟ್ಟುತ್ತಿದ್ದರು, ಆಮೇಲೆ ತಮ್ಮ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು. ಬೇರೆ ಮೆಕ್ಯಾನಿಕ್‌ನನ್ನು ಕರೆಸೋಣ ಎಂದು ಸೂಪರ್‌ವೈಸರ್ ಒಮ್ಮೆ ಅಂದಾಗ ನಾನು ಅವರ ಮೇಲೆ ಏರಿ ಹೋಗಿದ್ದೆ. ಕಾಕಾ ಮುಟ್ಟಿದ ಮೋಟಾರನ್ನು ಇನ್ನೊಬ್ಬ ಮುಟ್ಟುವುದೆಂದರೆ ನನಗೆ ಅಪಚಾರ.

ಅವರು ಅಂದು ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ, ಬೀಗರ ಮನೆಯಲ್ಲಿದ್ದರು. ಹೇಳಿದ್ದೆಲ್ಲ ಸಮಾಧಾನದಿಂದ ಕೇಳಿ, ಮೊದಲು ಬೇರೆ ಬ್ಯಾಟರಿ ಹಚ್ಚಿ ನೋಡು ಎಂದರು. ನಮ್ಮೂರಿನ ಟ್ರ್ಯಾಕ್ಟರಿನವನಿಗೆ ಹೇಳಿಕಳಿಸಿದೆ. ಸಂಬಂಧದಲ್ಲಿ ನನಗೆ ಮಾವ ಆಗಬೇಕು. ಉಪಕಾರ ಮಾಡುತ್ತಾನೆ, ಆದರೆ ಮಾಡುವಷ್ಟು ಹೊತ್ತೂ ಅಂಗಡಿ ಮುಂದಿನ ಮಾತು ನಿಲ್ಲಿಸುವುದಿಲ್ಲ. ಟ್ರ್ಯಾಕ್ಟರನ್ನು ಹೊಂಡದ ಅಂಚಿಗೆ ತಂದು ಬ್ಯಾಟರಿ ಇಳಿಸಿ ಕೊಟ್ಟ. ತಂತಿಯ ತುದಿಗಳನ್ನು ಕೆರೆದು ಬಿಗಿದು ಸ್ವಿಚ್ ಒತ್ತಿದೆ. ಟಕ್. ಕರೆಂಟು ಬಂದಿದೆ, ಸ್ವಿಚ್ಚೂ ಸರಿ ಇದೆ, ಪುಟ್ಟ ಮೋಟಾರೇ ಸುಟ್ಟಿದೆ ಎಂದು ಅಲ್ಲಿಗೆ ಖಾತ್ರಿಯಾಯಿತು. ಅದರ ಮೈಗೆ ಸುತ್ತಿಗೆಯ ಹಿಡಿಯಿಂದ ನಾಲ್ಕು ಸಲ ತಟ್ಟಿ ನೋಡಿದೆ. ಒಳಗೆ ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ ಎಂದು ಕಾಕಾ ಕಲಿಸಿದ್ದರು. ಬಿಡಿಸಿಕೊಳ್ಳಲಿಲ್ಲ.

ಇಡೀ ಮೋಟಾರನ್ನೇ ಬಿಚ್ಚಿ ದಡಕ್ಕೆ ಹಾಕೋಣ ಎಂದು ಬ್ರಾಕೆಟ್ಟಿನ ನಾಲ್ಕು ಬೋಲ್ಟುಗಳಿಗೆ ಪಾನಾ ಹಾಕಿದೆ. ಮೇಲಿನ ಎರಡು ಕದಲಿದವು. ಕೆಳಗಿನವು ತುಕ್ಕು ತಿಂದು ಒಂದಾಗಿದ್ದವು. ಡೀಸೆಲ್ ಸುರಿದು ಕಾದೆ, ಪಾನಾಕ್ಕೆ ಪೈಪು ತೊಡಿಸಿ ತೂಗಿದೆ. ಒಂದರ ತಲೆಯೇ ದುಂಡಗಾಯಿತು. ಅಷ್ಟರಲ್ಲಿ ನೀರು ಇನ್ನೂ ಅರ್ಧ ಗೇಣು ಇಳಿದಿತ್ತು. ಕಲ್ಲಿನ ಗೋಡೆಯ ಮೇಲೆ ಒದ್ದೆಯ ಗೆರೆ ಕಾಣುತ್ತಿತ್ತು.

ಬೋಟಿನಲ್ಲಿ ಕೂತು ಬೀಡಿ ಸೇದುತ್ತಿದ್ದ ಮಾವ ಕೊಳವೆಯನ್ನೇ ನೋಡುತ್ತಿದ್ದ.

“ಇದು ನನ್ನ ಟ್ರಾಲಿ ಜ್ಯಾಕಿನಂಗೇ ಅದ ನೋಡು,” ಎಂದ. “ಜ್ಯಾಕಿಗೆ ಎಣ್ಣಿ ಬಿಡೂ ಸ್ಕ್ರೂ ಇರ್ತದಲ್ಲ? ಅದು ಸಡ್ಲ ಮಾಡಿದ್ರ ಕೈಲೆ ಮ್ಯಾಲ ಕೆಳಗ ಆಗ್ತದ. ಇದಕ್ಕೂ ಇರಬೇಕಪ್ಪ.”

ಇಲ್ಲ ಎಂದೆ. ಇದ್ದಿದ್ದರೆ ಕಾಕಾ ಹೇಳದೆ ಇರುತ್ತಿದ್ದರೇ? ಮಾವ ಬಿಡಲಿಲ್ಲ. ಇಬ್ಬರೂ ಬಗ್ಗಿ ಬ್ರಾಕೆಟ್ಟಿನ ಒಳಹೊರಗು ತಡಕಿದೆವು. ಎಡಮಗ್ಗುಲಲ್ಲಿ ಏನೂ ಇಲ್ಲ. ಬಲಮಗ್ಗುಲಲ್ಲಿ ಕಪ್ಪು ಬಣ್ಣ ಬಳಿದ ಒಂದು ಉಬ್ಬು ಬಿಟ್ಟರೆ ಏನೂ ಇಲ್ಲ. ಆ ಉಬ್ಬು ನನಗೆ ಗೊತ್ತು. ಅದು ಮೋಟಾರಿನ ಹಣೆ.

ಈ ಹಣೆಯ ವಿಷಯ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಮೋಟಾರಿಗೆ ಎಲ್ಲಿ ವಿಭೂತಿ ಹಚ್ಚಬೇಕೋ ತಿಳಿಯದೆ ಕೈಯಲ್ಲಿ ಉಂಡೆ ಹಿಡಿದು ನಿಂತಿದ್ದೆ. ಕಾಕಾ ಬಂದು ಆ ಉಬ್ಬನ್ನು ತೋರಿಸಿದರು. ಮೋಟಾರಿಗೂ ಒಂದು ಹಣೆ ಅಂತ ಬೇಡವೇ, ಇದೇ ಹಣೆ, ಒಳಗೆ ಬ್ರಾಕೆಟ್ ಸೀಳಿದೆ, ನಾನೇ ಮೆತ್ತಿದ್ದೇನೆ, ಉಳಿ ಸುತ್ತಿಗೆ ತಾಗಿಸಬೇಡ, ವಿಭೂತಿ ಕುಂಕುಮ ಬಿಟ್ಟು ಇನ್ನೇನೂ ಅಲ್ಲಿಗೆ ಮುಟ್ಟಿಸಬೇಡ ಎಂದಿದ್ದರು. ಅಂದಿನಿಂದ ಹಬ್ಬಕ್ಕಷ್ಟೇ ಅಲ್ಲ, ಪ್ರತಿ ಸೋಮವಾರ ಮೂರು ಬೆರಳಿಂದ ಅಲ್ಲಿ ವಿಭೂತಿ ಎಳೆದು ಕೈ ಮುಗಿದೇ ನಾನು ಬೋಟು ಬಿಚ್ಚುತ್ತಿದ್ದುದು.

ಮಾವನ ಬಾಯಿ ಮುಚ್ಚಿಸಲೆಂದೇ ಮತ್ತೆ ಕಾಕಾನಿಗೆ ಫೋನ್ ಹಚ್ಚಿದೆ. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಸ್ಪೀಕರ್ ಹಾಕಿ ಹಲಗೆ ಮೇಲಿಟ್ಟೆ.

“ಕಾಕಾ, ಎತ್ತೂ ಮೋಟಾರ್ ಸುಟ್ಟದ್ರಿ. ನೀರು ಇಳೀಲಿಕತ್ತದ. ಜ್ಯಾಕಿನಂಗ ಇದಕ್ಕೂ ಎಣ್ಣಿ ಬಿಡೂ ಸ್ಕ್ರೂ ಅದ ಏನ್ರಿ?”

ಆ ಕಡೆ ಬೀಗರ ಮನೆಯ ಪಾತ್ರೆ ಸಪ್ಪಳ ಕೇಳುತ್ತಿತ್ತು.

“ಯಾರ್ ಹೇಳಿದ್ರು ನಿನಗ?”

“ಯಾರೂ ಇಲ್ರಿ, ಹಂಗೇ ಕೇಳಿದೆ.”

“ಇಲ್ಲಪಾ. ಕರೆಂಟ್ ಇಲ್ದ ಅದು ಏಳಂಗಿಲ್ಲ. ನಾಳಿಗಿ ಮುಂಜಾನಿ ಬರ್ತೀನಿ, ಹಂಗೇ ಬಿಡು.”

ನಾಳೆಗೆ ಬೋಟು ಕಾಲಿನ ಮೇಲೆ ಕೂತಿರುತ್ತದೆ ಕಾಕಾ, ಮುರಿದುಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ ಎಂದು ಒಂದೊಂದೇ ಬಿಡಿಸಿ ಹೇಳಿದೆ.

“ನಸೀಬು ತಮ್ಮಾ. ಏನ್ ಮಾಡಾಕಾಗ್ತದ?” ಎಂದರು. ಆಮೇಲೆ ಅವಸರದಲ್ಲಿ, “ಆ ಹಣಿ ಹಂತೇಕ ಮಾತ್ರ ಕೈ ಹಾಕಬ್ಯಾಡ,” ಎಂದು ಇಟ್ಟುಬಿಟ್ಟರು.

ಮಾವ ಬೀಡಿಯನ್ನು ನೀರಿಗೆ ಎಸೆದ. ನಾನು ಫೋನನ್ನೇ ನೋಡುತ್ತ ಕೂತೆ. ಹಣೆಯ ಸುದ್ದಿಯನ್ನು ನಾನು ಎತ್ತಿರಲೇ ಇಲ್ಲ. ಸ್ಕ್ರೂ ಇದೆಯೇ ಎಂದು ಕೇಳಿದೆ, ಅವರ ಮನಸ್ಸು ಸೀದಾ ಅಲ್ಲಿಗೆ ಹೋಗಿತ್ತು.

ಆದರೂ ತಕ್ಷಣ ಕೈ ಬರಲಿಲ್ಲ. ಏಳು ವರ್ಷ ಕೈ ಮುಗಿದ ಜಾಗ. ಒಂದು ವೇಳೆ ಒಳಗೆ ನಿಜಕ್ಕೂ ಸೀಳಿದ್ದರೆ, ಮೋಟಾರನ್ನು ನಾನೇ ಮುರಿದ ಹಾಗಾಗುತ್ತದೆ. ಸೀಳಿಲ್ಲದಿದ್ದರೆ ಏನಾಗುತ್ತದೆ ಎಂಬುದು ಅದಕ್ಕಿಂತ ಕೆಟ್ಟದು, ಅದನ್ನು ಯೋಚಿಸಲಿಕ್ಕೇ ಹೆದರಿದೆ. ನೀರಿಗೆ ಇಳಿದು ಮೋಟಾರಿನ ಕಾಲಿನ ಕೆಳಗೆ ಅಂಗೈ ತೂರಿಸಿದೆ. ಕಲ್ಲಿಗೂ ಕಾಲಿಗೂ ನಡುವೆ ನಾಲ್ಕು ಬೆರಳು ಉಳಿದಿತ್ತು. ಮೇಲೆ ಬಂದು ಉಳಿ ಸುತ್ತಿಗೆ ತೆಗೆದುಕೊಂಡೆ. ಮೊನ್ನೆ ಸೋಮವಾರದ ವಿಭೂತಿ ಇನ್ನೂ ಅಳಿಸಿರಲಿಲ್ಲ. ಅದರ ಮೇಲೆಯೇ ಉಳಿ ಇಟ್ಟು ಹೊಡೆದೆ.

ನಳ ಸೋರಿದರೆ ಮೆತ್ತುತ್ತಾರಲ್ಲ, ಆ ಗಟ್ಟಿ ಸೀಲು ಅದು. ಮೂರನೇ ಏಟಿಗೆ ಬಿಲ್ಲೆಯ ಹಾಗೆ ಕಳಚಿ ಬಿತ್ತು. ಒಳಗೆ ಸೀಳೂ ಇಲ್ಲ, ಬಿರುಕೂ ಇಲ್ಲ. ಯಂತ್ರ ಮಾಡಿದವರೇ ಕೊರೆದ ದುಂಡನೆಯ ತೂತು, ಅದರ ಒಳಗೆ ನಡು ಗೀರಿದ ದಪ್ಪ ಸ್ಕ್ರೂ. ಬೆರಳು ಹಾಕಿ ಮುಟ್ಟಿದೆ. ಹಳೆಯ ಮೋಟಾರಿನ ಮೈಯೆಲ್ಲ ತುಕ್ಕು, ಆ ಸ್ಕ್ರೂ ಮೇಲೆ ಮಾತ್ರ ಹೊಸ ಗ್ರೀಸು.

ಆಗ ಒಂದೊಂದೇ ತಿಳಿಯುತ್ತ ಬಂತು. ಹಿಂದೆ ಎರಡು ಸಲ ಕರೆಂಟು ಕೈಕೊಟ್ಟಾಗ ಕಾಕಾ ಹಗ್ಗ, ರಾಟೆ ಹೊತ್ತು ಶಹಾಬಾದಿನಿಂದ ಬಂದಿದ್ದರು. ಎರಡು ಸಲವೂ ನನ್ನನ್ನು ಊರೊಳಗೆ ಕಳಿಸಿದ್ದರು. ಒಮ್ಮೆ ಚಹಾ ತರಲು, ಒಮ್ಮೆ ಬಿಸಿ ಭಜಿ ತರಲು. ಮರಳಿ ಬರುವಷ್ಟರಲ್ಲಿ ಮೋಟಾರು ಮೇಲೆದ್ದಿರುತ್ತಿತ್ತು, ಹಣೆಗೆ ಹಸಿ ಬಣ್ಣ ಇರುತ್ತಿತ್ತು. ಮುಟ್ಟಬೇಡ, ಪೇಂಟ್ ಒಣಗಲಿ ಎನ್ನುತ್ತಿದ್ದರು. ಅದೇನು ಮಾಯೆ ಕಾಕಾ ಎಂದು ನಾನು ಬಾಯಿ ಬಿಟ್ಟು ಕೇಳಿದರೆ ನಕ್ಕು ಭಜಿ ತಿನ್ನುತ್ತಿದ್ದರು. ನಾನು ಊರ ತುಂಬ ಹೊಗಳಿಕೊಂಡು ತಿರುಗಿದ್ದೆ. ಗರಡಿಯ ಉಸ್ತಾದರು ಒಂದು ಪಟ್ಟು ಶಿಷ್ಯರಿಗೆ ಕಲಿಸದೆ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ ಎನ್ನುವುದನ್ನು ಕೇಳಿದ್ದೆ. ಇಟ್ಟುಕೊಳ್ಳಲಿ. ಆದರೆ ಅದರ ಮೇಲೆ ನನ್ನ ಕೈಯಿಂದಲೇ ವಿಭೂತಿ ಹಚ್ಚಿಸಿ, ಕಾವಲಿಗೆ ನನ್ನನ್ನೇ ನಿಲ್ಲಿಸಿದ್ದರಲ್ಲ, ಅದನ್ನು ಸಹಿಸಲಾಗಲಿಲ್ಲ. ಕೂತಲ್ಲೇ ಅತ್ತುಬಿಟ್ಟೆ. ಮಾವ ನದಿಯ ಕಡೆ ಮುಖ ಮಾಡಿ ನಿಂತ.

ಅಳಲು ಹೆಚ್ಚು ಹೊತ್ತಿರಲಿಲ್ಲ. ನನ್ನ ಸ್ಕ್ರೂಡ್ರೈವರ್ ಆ ಗೀರಿಗೆ ಸಣ್ಣದಾಯಿತು, ಜಾರಿತು. ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಅಗಲ ಮೂತಿಯದು ತಂದು, ಅದರ ಕುತ್ತಿಗೆಗೆ ಪಾನಾ ಕಚ್ಚಿಸಿ ಎಡಕ್ಕೆ ತಿರುಗಿಸಿದೆ. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ. ಎರಡನೆಯದಕ್ಕೆ ಒಳಗೆ ಸುಸ್ ಎಂದಿತು. ಮೂರು, ನಾಲ್ಕು. ಎಲ್ಲಿ ನಿಲ್ಲಿಸಬೇಕೆಂದು ನನಗೆ ಯಾರು ಹೇಳಿದ್ದಾರೆ? ಸಿಟ್ಟಿನಲ್ಲಿ ಇನ್ನೂ ತಿರುಗಿಸಿದೆ. ಬಿಸಿಲಿಗೆ ಕಾದ ಎಣ್ಣೆ ಪಿಚಕಾರಿಯ ಹಾಗೆ ಮುಖಕ್ಕೆ ಹೊಡೆಯಿತು. ಸ್ಕ್ರೂ ಹೊರಗೆ ಹಾರುವುದರಲ್ಲಿತ್ತು. ಹಾರಿ ನೀರಿಗೆ ಬಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅಂಗೈಯಿಂದ ಒತ್ತಿ ಹಿಡಿದು ಎರಡು ಸುತ್ತು ಮರಳಿ ಬಿಗಿದೆ. ಮೂರು ಸುತ್ತು ಸಾಕು, ಅದರಾಚೆ ಬೇಡ. ಈ ಒಂದು ಪಾಠ ನಾನು ಯಾರಿಂದಲೂ ಕಲಿಯಲಿಲ್ಲ.

ಮುಖ ತೊಳೆದುಕೊಂಡು ನೀರಿಗೆ ಇಳಿದೆ. ಮಾವ ಬೋಟಿನಲ್ಲಿ ನಿಂತು ಮೋಟಾರಿನ ತಲೆಗೆ ಹಗ್ಗ ಬಿಗಿದು ತನ್ನ ಕಡೆಗೆ ಎಳೆಯಬೇಕು, ನಾನು ಕೆಳಗಿನಿಂದ ಕಾಲಿಗೆ ಹೆಗಲು ಕೊಟ್ಟು ಏಳಬೇಕು. ಮೊದಲ ಸಲ ಅರ್ಧ ಬಂದು ನಿಂತಿತು. ಎಣ್ಣೆ ನಿಧಾನಕ್ಕೆ ಸರಿಯುತ್ತದೆ, ಗುದ್ದಿದರೆ ಆಗದು, ಒತ್ತಿಕೊಂಡೇ ಇರಬೇಕು ಎಂದು ಗೊತ್ತಾಯಿತು. ಒತ್ತಿದೆವು. ಕಾಲು ನೀರಿನಿಂದ ಪೂರ್ತಿ ಹೊರಗೆ ಬಂತು. ಎತ್ತಿದ ಮೇಲೆ ಹಿಡಿದು ನಿಲ್ಲಿಸಲು ಬ್ರಾಕೆಟ್ಟಿಗೆ ಒಂದು ಕೊಂಡಿ ಇದೆ. ಒಂದು ಹೆಗಲಲ್ಲಿ ಭಾರ ಹೊತ್ತು ಇನ್ನೊಂದು ಕೈ ಚಾಚಿ ಅದನ್ನು ಎಳೆದೆ. ತುಕ್ಕು ಹಿಡಿದು ಅಲ್ಲಾಡಲಿಲ್ಲ. ಜೋರಾಗಿ ಎಳೆದಾಗ ನನ್ನ ಕಾಲು ಜಾರಿತು, ಹೆಗಲು ತಪ್ಪಿತು, ಮಾವನ ಕೈಯಿಂದ ಹಗ್ಗ ಸರಿಯಿತು. ಮೋಟಾರು ಇಳಿಯಿತು. ಸ್ಕ್ರೂ ಎರಡು ಸುತ್ತು ಬಿಗಿದಿದ್ದರಿಂದ ದೊಪ್ಪನೆ ಬೀಳದೆ ಭಾರವಾಗಿ ಇಳಿಯಿತು. ಹಾಗಾಗಿ ಬ್ರಾಕೆಟ್ಟಿನ ಸಂದಿಗೆ ಸಿಕ್ಕ ನನ್ನ ಎಡಗೈಯ ಎರಡು ಬೆರಳು ಜಜ್ಜಿಹೋದವು, ತುಂಡಾಗಲಿಲ್ಲ.

ಚಿತ್ತಾಪುರದ ದವಾಖಾನೆಗೆ ಹೋಗೋಣ ನಡೆ ಎಂದು ಮಾವ ಅಂಗಿ ಹಿಡಿದು ಎಳೆದ. ಆಗಲ್ಲ ಎಂದೆ. ಟವೆಲ್ ಹರಿದು ಬೆರಳಿಗೆ ಸುತ್ತಿದ. ಈ ಸಲ ಕೊಂಡಿಯ ಆಸೆ ಬಿಟ್ಟೆ. ದಡದಿಂದ ಒಂದು ಜಾಲಿ ಕಟ್ಟಿಗೆಯ ತುಂಡು ಕಡಿದು, ಬ್ರಾಕೆಟ್ಟಿನ ಸಂದಿಗೆ ಹೊಂದುವಷ್ಟು ಕೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹಗ್ಗವನ್ನು ಬೋಟಿನ ಮೂತಿಯ ಕಬ್ಬಿಣದ ಬಳೆಗೆ ಒಂದು ಸುತ್ತು ಹಾಕಿ ಹಿಡಿ, ಕೈ ಸೋತರೂ ಹಗ್ಗ ಸರಿಯಬಾರದು ಎಂದೆ. ಮತ್ತೆ ಹೆಗಲು ಕೊಟ್ಟೆ. ಎದ್ದಷ್ಟಕ್ಕೂ ಮಾವ ಹಗ್ಗ ಎಳೆದು ಬಿಗಿದ. ಪೂರ್ತಿ ಎದ್ದಾಗ ಕಟ್ಟಿಗೆ ತೂರಿಸಿದೆ, ಭಾರ ಅದರ ಮೇಲೆ ಕೂತಿತು. ಬೋಟು ಹತ್ತಿ ಸ್ಕ್ರೂ ಬಿಗಿದೆ. ಸಂಜೆ ಐದಕ್ಕೆ ಬೋಟಿನ ತಳ ಫರ್ಸಿಯ ಮೇಲೆ ಸಮನಾಗಿ ಕೂತಿತು. ಕಾಲು ಗಾಳಿಯಲ್ಲಿತ್ತು. ಕೆಲಸ ಉಳಿಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಮರುದಿನ ಮುಂಜಾನೆ ಮಿಸ್ತ್ರಿ ಕಾಕಾ ಮಾತಿನಂತೆ ಬಂದರು. ಹೊಂಡದ ದಂಡೆಯಲ್ಲಿ ನಿಂತು ಮೇಲೆದ್ದ ಮೋಟಾರು ನೋಡಿದರು, ಬಲಮಗ್ಗುಲಿಗೆ ಬಂದು ತೂತು ನೋಡಿದರು. ನನ್ನ ಕೈಯ ಪಟ್ಟಿ ಕಂಡಿದ್ದು ಆಮೇಲೆ. ಕೂತು ಚೀಲದಿಂದ ಹೊಸ ಸೀಲಿನ ಪೊಟ್ಟಣ ತೆಗೆದರು. ಮುಚ್ಚಬೇಕು, ಒಳಗೆ ನೀರು ಹೋಗುತ್ತದೆ ಎಂದರು. ಮುಚ್ಚಬೇಡಿ ಎಂದೆ. ಅವರು ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಕೂತರು.

“ಯಾಕ್ರಿ ಕಾಕಾ?” ಎಂದು ಕೇಳಿದೆ. ರಾತ್ರಿಯೆಲ್ಲ ಬೈಗುಳ ಜೋಡಿಸಿಕೊಂಡಿದ್ದೆ, ಕೇಳಿದ್ದು ಇಷ್ಟೇ.

“ಸೇಡಂದಾಗ ಒಬ್ಬ, ವಾಡ್ಯಾಗ ಇಬ್ರು. ಎಲ್ಲಾ ಹೇಳಿಕೊಟ್ಟೆ,” ಎಂದರು. “ಒಬ್ರೂ ಹೊಳ್ಳಿ ನೋಡಲಿಲ್ಲ. ಹಾದ್ಯಾಗ ಸಿಕ್ರ ಗಾಡಿ ಸುದ್ಧಾ ನಿಲ್ಸಂಗಿಲ್ಲ. ನಿನಗೂ ಪೂರಾ ಹೇಳಿದ್ರ, ನೀ ನನ್ನ ಕರೀತಿದ್ದೇನು?”

“ನನ್ನ ಮಗಳಿಗೆ ತೊಟ್ಲಾಗ ಹಾಕೂ ದಿನ ನಿಮ್ಮನ್ನ ಕರದಿದ್ದೆ,” ಎಂದೆ. “ಹೆಸರು ನೀವೇ ಹೇಳಿದ್ರಿ. ಅವತ್ತ ಯಾವ ಮೋಟಾರ್ ಕೆಟ್ಟಿತ್ರಿ ಕಾಕಾ?”

ಅವರು ತಲೆ ಬಗ್ಗಿಸಿ ಸುಟ್ಟ ಪುಟ್ಟ ಮೋಟಾರು ಬಿಚ್ಚಲು ಶುರು ಮಾಡಿದರು. ಅವತ್ತು ನನ್ನನ್ನು ಚಹಾಕ್ಕೆ ಕಳಿಸಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿದರು. ಪುಟ್ಟ ಮೋಟಾರಿನ ಕಾರ್ಬನ್ ಬ್ರಶ್ ಎಷ್ಟು ಸವೆದರೆ ಬದಲಿಸಬೇಕು, ಎಣ್ಣೆ ತುಂಬಿದ ಮೇಲೆ ಒಳಗಿನ ಗಾಳಿ ಹೇಗೆ ತೆಗೆಯಬೇಕು, ತುಕ್ಕು ಹಿಡಿದ ಕೊಂಡಿಯನ್ನು ಹೇಗೆ ಬಿಡಿಸಬೇಕು. ನಾನು ಕೇಳದಿದ್ದುದನ್ನೂ ಹೇಳಿದರು. ನಾನು ಹೂಂ ಎನ್ನುತ್ತಿದ್ದೆ. ಒಂದನ್ನೂ ನಂಬುತ್ತಿರಲಿಲ್ಲ. ಇದರಲ್ಲಿ ಏನನ್ನು ಬಿಟ್ಟು ಹೇಳುತ್ತಿದ್ದಾರೆ ಎಂದು ಅವರ ಕೈಯನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಸ್ವಿಚ್ ಒತ್ತಿದರೆ ಮೋಟಾರು ಗುಂಯ್ ಎಂದಿತು; ಕಲ್ಲಿಗೆ ತಾಗದಷ್ಟು ಇಳಿಸಿದೆವು, ಮತ್ತೆ ಎದ್ದಿತು. ಅವರು ಕೈ ಒರೆಸಿಕೊಂಡು, ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಮುಂದೆ ಹಿಡಿದರು. ಹಸಿವಿಲ್ಲ ಎಂದೆ. ಬಸ್ಸಿನ ಹೊತ್ತಾಯಿತು ಎಂದು ಎದ್ದು ಹೋದರು. ನಾನು ಸೇತುವೆಯ ತನಕ ಕಳಿಸಲು ಹೋಗಲಿಲ್ಲ.

ಅವರು ಕಣ್ಮರೆಯಾದ ಮೇಲೆ ಪಾನಾ ತೆಗೆದುಕೊಂಡು ಕೂತೆ. ಅವರು ಆ ದಿನ ಬಿಗಿದ ಒಂದೊಂದು ಬೋಲ್ಟನ್ನೂ ಸಡಿಲಿಸಿ, ನೋಡಿ, ಮತ್ತೆ ಬಿಗಿದೆ. ಏಳು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಎಲ್ಲವೂ ಸರಿಯಾಗಿದ್ದವು. ಆದರೂ ಕೊನೆಯ ಬೋಲ್ಟಿನ ತನಕ ನೋಡಿಯೇ ಎದ್ದೆ.